ಬೆಕ್ಕಿನ ಶುಗರ್‌ಗೆ ರಾಗಿ ಮದ್ದಲ್ಲ

ಯಲಹಂಕ ಉಪನಗರ, ಭಾನುವಾರ ಬೆಳಿಗ್ಗೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರ ಮನೆ. ಅವರ ಗಂಡು ಬೆಕ್ಕು ಕೆಂಚನಿಗೆ ಸಕ್ಕರೆ ಕಾಯಿಲೆ ಎಂದು ಈ ವಾರ ಖಚಿತವಾಗಿದೆ. ಕಿವಿಯಿಂದ ರಕ್ತ ತೆಗೆದು ನೋಡುವುದನ್ನು ಕಲಿಸಲು ಪಶುವೈದ್ಯೆ ಮನೆಗೇ ಬಂದಿದ್ದಾರೆ. ಕೆಂಚ ಸೋಫಾದ ಕೆಳಗಿದ್ದಾನೆ.

ಮೇಷ್ಟ್ರು: ಕೂತುಕೊಳ್ಳಿ ಡಾಕ್ಟ್ರೇ. ನಾನು ಆಗಲೇ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ನನಗೂ ಶುಗರ್ ಇದೆ. ಎರಡು ಹೊತ್ತಿನ ಅನ್ನ ಬಿಟ್ಟೆ, ರಾಗಿಮುದ್ದೆ ಹಿಡಿದೆ, ಬೆಳಿಗ್ಗೆ ನಡೆಯುತ್ತೇನೆ. ಹತೋಟಿಯಲ್ಲಿದೆ. ಕೆಂಚನಿಗೂ ಅದನ್ನೇ ಮಾಡಿದರಾಯಿತು. ಹಾಲನ್ನ ನಿಲ್ಲಿಸಿ ರಾಗಿ ಅಂಬಲಿ ಕೊಡುತ್ತೇನೆ. ಗ್ಲುಕೋಮೀಟರ್ ಹೇಗೂ ಮನೆಯಲ್ಲಿದೆ.

ಡಾಕ್ಟರು: ಮೀಟರ್ ಬಳಸೋಣ ಮೇಷ್ಟ್ರೇ. ರಾಗಿ ಮಾತ್ರ ನಿಮಗೇ ಇರಲಿ. ಕಾಯಿಲೆ ಇಬ್ಬರಿಗೂ ಒಂದೇ ಜಾತಿಯದು, ಅದು ನಿಜ. ನಿಮ್ಮದು ಎರಡನೇ ಬಗೆಯ ಮಧುಮೇಹ, ಅವನದೂ ಹೆಚ್ಚುಕಡಿಮೆ ಅದೇ. ಮೈ ಬೆಳೆದು ಇನ್ಸುಲಿನ್ನಿನ ಮಾತು ದೇಹ ಕೇಳದಂತಾಯಿತು, ಮೇದೋಜೀರಕ ಗ್ರಂಥಿ ದುಡಿದು ದಣಿಯಿತು. ಆದರೆ ಕಾಯಿಲೆ ಬಂದಿರುವ ಮೈ ಬೇರೆ. ನಿಮ್ಮದು ಕಾಳು, ಧಾನ್ಯ, ಸೊಪ್ಪು ತಿಂದು ಬದುಕಬಲ್ಲ ಮೈ. ಅವನದು ಮಾಂಸ ಬಿಟ್ಟು ಬೇರೆಯದರಲ್ಲಿ ಬದುಕಲಾರದ ಮೈ.

ಮೇಷ್ಟ್ರು: ಅದಕ್ಕೆ ಬರೋಣ. ಮೊದಲು ನನ್ನ ಅನುಮಾನ ಒಂದನ್ನು ಬಿಡಿಸಿ. ಕ್ಲಿನಿಕ್ಕಿನಲ್ಲಿ ಮೊದಲ ದಿನ ಶುಗರ್ 340 ಬಂತು. ನೀವು ಆಗಲೇ ಔಷಧ ಶುರು ಮಾಡಲಿಲ್ಲ. ಇನ್ನೊಂದು ಪರೀಕ್ಷೆಗೆ ರಕ್ತ ಕಳಿಸಿದಿರಿ. 340 ಸಾಲದಾಗಿತ್ತೇ?

ಡಾಕ್ಟರು: ಬೆಕ್ಕಿನ ವಿಷಯದಲ್ಲಿ ಸಾಲದು. ಬುಟ್ಟಿಯಲ್ಲಿ ಕೂಡಿಸಿ, ಆಟೋದಲ್ಲಿ ಬಳ್ಳಾರಿ ರಸ್ತೆಯ ಹಾರನ್ನುಗಳ ನಡುವೆ ಕರೆತಂದು, ನಾಯಿ ಬೊಗಳುವ ಕೋಣೆಯಲ್ಲಿ ಕಾಯಿಸಿದರೆ ಆರೋಗ್ಯವಾಗಿರುವ ಬೆಕ್ಕಿನ ಶುಗರ್ ಕೂಡ 300 ದಾಟಬಹುದು. ಅದು ಹೆದರಿಕೆಯ ಶುಗರ್. ಅದಕ್ಕೇ ಫ್ರಕ್ಟೋಸಮೀನ್ ಎಂಬ ಪರೀಕ್ಷೆ. ನಿಮಗೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಮಾಡಿಸುತ್ತಾರಲ್ಲ, ಇದು ಬೆಕ್ಕಿನ ಹಿಂದಿನ ಒಂದೆರಡು ವಾರಗಳ ಸರಾಸರಿ ಹೇಳುತ್ತದೆ. ಆ ಗಳಿಗೆಯ ಗಾಬರಿ ಅದರಲ್ಲಿ ಸೇರುವುದಿಲ್ಲ. ಅದೂ ಜಾಸ್ತಿ ಬಂತು, ಮೂತ್ರದಲ್ಲೂ ಸಕ್ಕರೆ ಇತ್ತು, ಜೊತೆಗೆ ನೀವು ಹೇಳಿದ ಲಕ್ಷಣಗಳು. ಇಷ್ಟೂ ಕೂಡಿದ ಮೇಲೆ ಅನುಮಾನ ಉಳಿಯಲಿಲ್ಲ.

ಮೇಷ್ಟ್ರು: ಲಕ್ಷಣ ಗುರುತಿಸಿದ್ದು ನಮ್ಮ ಮನೆಯವಳು. ಬಚ್ಚಲಮನೆಯ ಮಗ್ಗಿನಲ್ಲಿ ಬಾಯಿಟ್ಟು ನೀರು ಕುಡಿಯತೊಡಗಿದ. ಮಣ್ಣಿನ ಟ್ರೇ ದಿನವೂ ಒದ್ದೆಮುದ್ದೆ. ಬೇಕಾದಷ್ಟು ತಿನ್ನುತ್ತಾನೆ, ಆದರೂ ಬೆನ್ನಿನ ಮೂಳೆ ಕೈಗೆ ಸಿಗುತ್ತದೆ. ಆಮೇಲೆ ಆ ನಡಿಗೆ.

ಡಾಕ್ಟರು: ಹಿಂಗಾಲಿನ ಹಿಮ್ಮಡಿ ನೆಲಕ್ಕೆ ಊರಿ ನಡೆಯುವುದು. ಬೆಕ್ಕು ಸಹಜವಾಗಿ ಬೆರಳ ಮೇಲೆ ನಡೆಯುವ ಪ್ರಾಣಿ. ಶುಗರ್ ಬಹಳ ದಿನ ಏರಿದ್ದರೆ ಕಾಲಿನ ನರಗಳು ಸೋಲುತ್ತವೆ, ಹಿಮ್ಮಡಿ ಕುಸಿಯುತ್ತದೆ. ನಿಮ್ಮ ಕಾಲು ಜೋಮು ಹಿಡಿಯುತ್ತದೆ ಎನ್ನುತ್ತೀರಲ್ಲ, ಅದೇ ಬಗೆಯದು. ಶುಗರ್ ಇಳಿದರೆ ನಿಧಾನವಾಗಿ ಬಹಳಷ್ಟು ಸರಿಹೋಗುತ್ತದೆ. ಒಂದು ಕೇಳುತ್ತೇನೆ, ತುರಿಕೆಗೆಂದೋ ಅಲರ್ಜಿಗೆಂದೋ ಯಾವಾಗಲಾದರೂ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿದ್ದಿರಾ?

ಮೇಷ್ಟ್ರು: ಇಲ್ಲ.

ಡಾಕ್ಟರು: ಒಳ್ಳೆಯದಾಯಿತು. ವಾರಗಟ್ಟಲೆ ಮೈಯಲ್ಲಿ ಉಳಿಯುವ ಸ್ಟೀರಾಯ್ಡ್ ಕೆಲವು ಬೆಕ್ಕುಗಳಲ್ಲಿ ಈ ಕಾಯಿಲೆಯನ್ನು ಎಬ್ಬಿಸುತ್ತದೆ. ಹಲ್ಲು, ವಸಡು ಕೊಳೆತಿದ್ದರೂ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಇವನ ಬಾಯಿ ಸ್ವಚ್ಛವಾಗಿದೆ.

ಮೇಷ್ಟ್ರು: ಈಗ ನನ್ನ ರಾಗಿಯ ಪ್ರಶ್ನೆ. ನಮ್ಮ ಅಜ್ಜಿ ಮನೆಯಲ್ಲಿ ಬೆಕ್ಕುಗಳಿಗೆ ಹಾಲನ್ನ, ಮೊಸರನ್ನವೇ. ಸಾಯುವ ತನಕ ಗಟ್ಟಿಮುಟ್ಟಾಗಿದ್ದವು. ಒಂದಕ್ಕೂ ಶುಗರ್ ಬರಲಿಲ್ಲ.

ಡಾಕ್ಟರು: ಆ ಬೆಕ್ಕುಗಳು ರಾತ್ರಿ ಎಲ್ಲಿರುತ್ತಿದ್ದವು?

ಮೇಷ್ಟ್ರು: ಅಟ್ಟದಲ್ಲಿ, ಕಣಜದ ಹತ್ತಿರ, ಹಿತ್ತಲಲ್ಲಿ.

ಡಾಕ್ಟರು: ಊಟ ಅಲ್ಲಿತ್ತು ಮೇಷ್ಟ್ರೇ. ಇಲಿ, ಹೆಗ್ಗಣದ ಮರಿ, ಹಲ್ಲಿ, ಗುಬ್ಬಿ. ನಿಮ್ಮ ಅಜ್ಜಿ ಹಾಕಿದ ಹಾಲನ್ನ ಪ್ರೀತಿಯ ತಿಂಡಿ, ಊಟವಲ್ಲ. ಬೇಟೆಯಾಡಿ ಬದುಕುವ ಬೆಕ್ಕುಗಳು ತಿನ್ನುವುದನ್ನು ಲೆಕ್ಕ ಹಾಕಿ ನೋಡಿದ್ದಾರೆ. ಅವಕ್ಕೆ ಸಿಗುವ ಶಕ್ತಿಯಲ್ಲಿ ಶೇ. 52ರಷ್ಟು ಪ್ರೋಟೀನಿನಿಂದ, ಶೇ. 46ರಷ್ಟು ಕೊಬ್ಬಿನಿಂದ. ಪಿಷ್ಟ, ಸಕ್ಕರೆಯಿಂದ ಬರುವುದು ಶೇ. 2 ಮಾತ್ರ. ಎಂಜಲಿನಲ್ಲಿ ಪಿಷ್ಟ ಕರಗಿಸುವ ಅಮೈಲೇಸ್ ಇಲ್ಲ. ಊಟದ ನಂತರ ರಕ್ತಕ್ಕೆ ಒಮ್ಮೆಲೇ ನುಗ್ಗುವ ಸಕ್ಕರೆಯನ್ನು ಹಿಡಿದಿಡಲು ನಮ್ಮ ಲಿವರ್‌ನಲ್ಲಿ ಒಂದು ಕಿಣ್ವ ಇದೆ, ಬೆಕ್ಕಿನ ಲಿವರ್‌ನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಪ್ರೋಟೀನನ್ನೇ ಒಡೆದು ಬೇಕಾದ ಸಕ್ಕರೆಯನ್ನು ಹಗಲೂ ರಾತ್ರಿ ತಾನೇ ತಯಾರಿಸಿಕೊಳ್ಳುವ ಲಿವರ್ ಅದು.

ಇವತ್ತು ನಮ್ಮ ಉತ್ತರ ಬೆಂಗಳೂರಿನ ಬೆಕ್ಕುಗಳನ್ನು ನೋಡಿ. ಹೆಬ್ಬಾಳದ ಅಪಾರ್ಟ್‌ಮೆಂಟಿನಲ್ಲಿ ಹತ್ತನೇ ಮಹಡಿ, ಬಾಲ್ಕನಿಗೆ ಬಲೆ. ಆರ್.ಟಿ. ನಗರದಲ್ಲಿ, ಯಶವಂತಪುರದಲ್ಲಿ ಬೀದಿಗೆ ಬಿಟ್ಟರೆ ಗಾಡಿಗೆ ಸಿಕ್ಕೀತೆಂದು ಬಾಗಿಲು ಮುಚ್ಚಿರುತ್ತೇವೆ. ಮುಚ್ಚಲೇಬೇಕು, ಅದನ್ನು ತಪ್ಪೆನ್ನುವುದಿಲ್ಲ. ಆದರೆ ಅಟ್ಟದ ಇಲಿ ಹೋಯಿತು, ಹಾಲನ್ನ ಉಳಿಯಿತು. ಇಲ್ಲವೇ ಬಟ್ಟಲು ತುಂಬ ಒಣ ಕಾಳು, ಯಾವಾಗ ಬೇಕಾದರೂ ತಿನ್ನಲಿ ಅಂತ. ಸಂತಾನಹರಣ ಮಾಡಿಸಿದ ಗಂಡು ಬೆಕ್ಕು, ಓಡಾಟವಿಲ್ಲ, ವಯಸ್ಸು ಏಳೆಂಟು ದಾಟಿದೆ, ತೂಕ ಏರಿದೆ. ಈ ಕಾಯಿಲೆ ಹೆಚ್ಚಾಗಿ ಹುಡುಕಿಕೊಂಡು ಬರುವುದು ಇಂಥ ಬೆಕ್ಕನ್ನೇ.

ಮೇಷ್ಟ್ರು: ಅಂದರೆ ಕೋಳಿ ತರಬೇಕು. ಡಾಕ್ಟ್ರೇ, ನಮ್ಮ ಮನೆಗೆ ಮೊಟ್ಟೆಯೂ ಬಂದದ್ದಿಲ್ಲ. ಮನೆಯವಳು ದಿನವೂ ಪೂಜೆ ಮಾಡುವವಳು. ಇದು ಸುಲಭದ ಮಾತಲ್ಲ.

ಡಾಕ್ಟರು: ಸುಲಭವಲ್ಲ ಅಂತ ಗೊತ್ತು. ನಾನೂ ಅಂಥದೇ ಮನೆಯಲ್ಲಿ ಬೆಳೆದವಳು. ನಿಮ್ಮ ಆಚಾರವನ್ನು ಬಿಡಿ ಅಂತ ನಾನು ಕೇಳುವುದಿಲ್ಲ. ಆದರೆ ಆ ಆಚಾರ ನಿಮ್ಮದು. ಕೆಂಚ ಅದನ್ನು ಆಯ್ದುಕೊಂಡವನಲ್ಲ. ಅವನಿಗೆ ಟೌರೀನ್ ಎಂಬ ಪೋಷಕಾಂಶ ಬೇಕು, ಸಸ್ಯಗಳಲ್ಲಿ ಅದು ಇಲ್ಲ. ಟೌರೀನ್ ಸಾಲದ ಬೆಕ್ಕಿನ ಹೃದಯದ ಗೋಡೆ ತೆಳ್ಳಗಾಗಿ ಹಿಗ್ಗುತ್ತದೆ ಎಂದು ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 1987ರಲ್ಲಿ ತೋರಿಸಿಕೊಟ್ಟರು. ಮಾಂಸಾಹಾರಿಯಾಗಿಯೇ ಹುಟ್ಟಿದ ಜೀವವನ್ನು ಮನೆಗೆ ತಂದು ಸಾಕಿದ ಮೇಲೆ ಅದರ ಹೊಟ್ಟೆಗೆ ನಮ್ಮ ವ್ರತವನ್ನು ಹೊರಿಸುವುದು ನ್ಯಾಯವಲ್ಲ ಎಂದು ನಾನು ನಂಬಿದ್ದೇನೆ. ಆದರೆ ಅಡುಗೆಮನೆಯಲ್ಲಿ ಕೋಳಿ ಬೇಯಬೇಕೆಂದಿಲ್ಲ. ಸೀಲ್ ಮಾಡಿದ ವೆಟ್ ಫುಡ್ ಪೌಚ್ ಸಿಗುತ್ತದೆ. ಹಿತ್ತಲ ವರಾಂಡದಲ್ಲಿ ಅವನಿಗೊಂದು ತಟ್ಟೆ, ಒಂದು ಚಮಚ. ಅಮ್ಮನವರು ಮುಟ್ಟುವುದೇ ಬೇಡ. ಬೇರೆ ಮನೆಗಳಲ್ಲಿ ಹೀಗೆ ಹೊಂದಿಸಿಕೊಂಡದ್ದನ್ನು ಕಂಡಿದ್ದೇನೆ.

ಮೇಷ್ಟ್ರು: ಅವಳು ಒಪ್ಪಿಯಾಳು. ಅವನು ಹಿಮ್ಮಡಿ ಎಳೆದುಕೊಂಡು ನಡೆಯುವುದನ್ನು ಕಂಡು ಅತ್ತವಳು ಅವಳೇ. ಹಾಗಾದರೆ ಯಾವ ಪೌಚ್? ಅಂಗಡಿಯಲ್ಲಿ ಗೋಡೆ ತುಂಬ ಇರುತ್ತವೆ.

ಡಾಕ್ಟರು: ಗಣಿತದ ಮೇಷ್ಟ್ರಿಗೆ ಇದು ಕಷ್ಟವಲ್ಲ. ಈಗ ಹಾಕುತ್ತಿರುವ ಒಣ ಕಾಳಿನ ಚೀಲ ತನ್ನಿ. ನಾನೊಂದು ಪೌಚ್ ತಂದಿದ್ದೇನೆ. ಎರಡರ ಹಿಂದೆ ಬರೆದಿರುವುದನ್ನೂ ಓದಿ.

ಮೇಷ್ಟ್ರು: ಒಣ ಕಾಳು: ಪ್ರೋಟೀನ್ 32, ಕೊಬ್ಬು 10, ನಾರು 4, ತೇವಾಂಶ 10. ಕಾರ್ಬೋಹೈಡ್ರೇಟ್ ಎಷ್ಟೆಂದು ಬರೆದೇ ಇಲ್ಲ.

ಡಾಕ್ಟರು: ಸಾಮಾನ್ಯವಾಗಿ ಬರೆಯುವುದಿಲ್ಲ. ನಾವೇ ಕಳೆಯಬೇಕು. ಖನಿಜಾಂಶವನ್ನೂ ಹೇಳಿಲ್ಲವಾದರೆ ಒಣ ಕಾಳಿಗೆ ಸುಮಾರು 8, ಪೌಚ್‌ಗೆ 2 ಎಂದು ಇಟ್ಟುಕೊಳ್ಳಿ.

ಮೇಷ್ಟ್ರು: 32, 10, 4, 10, 8. ಒಟ್ಟು 64. ನೂರರಲ್ಲಿ ಕಳೆದರೆ 36. ಪೌಚ್: ಪ್ರೋಟೀನ್ 9, ಕೊಬ್ಬು 4, ನಾರು 1, ತೇವಾಂಶ 83, ಖನಿಜ 2. ಒಟ್ಟು 99. ಉಳಿದದ್ದು 1. ತಡೆಯಿರಿ, ಹೀಗೇ ಹೋಲಿಸಬಾರದು. ಪೌಚಿನಲ್ಲಿ ಬರೀ ನೀರು. ನೀರು ಬಿಟ್ಟು ನೋಡಬೇಕು. ಒಣ ಕಾಳಿನ 90ರಲ್ಲಿ 36, ಅಂದರೆ ಶೇ. 40. ಪೌಚಿನ 17ರಲ್ಲಿ 1, ಸುಮಾರು ಶೇ. 6.

ಡಾಕ್ಟರು: ಇಷ್ಟು ಬೇಗ ಯಾರೂ ಹೇಳಿರಲಿಲ್ಲ. ವೈದ್ಯರು ಇದನ್ನು ಕ್ಯಾಲೊರಿಯ ಲೆಕ್ಕದಲ್ಲಿ ಹೇಳುತ್ತಾರೆ. ಮಧುಮೇಹವಿರುವ ಬೆಕ್ಕಿಗೆ ಒಟ್ಟು ಕ್ಯಾಲೊರಿಯಲ್ಲಿ ಕಾರ್ಬೋಹೈಡ್ರೇಟಿನದು ಶೇ. 12 ಮೀರಬಾರದು. ಆ ಲೆಕ್ಕದಲ್ಲಿ ಈ ಪೌಚ್ ಸುಮಾರು 5, ಈ ಕಾಳು ಸುಮಾರು 39. ಎಲ್ಲ ಪೌಚೂ ಹೀಗಿರುವುದಿಲ್ಲ. ಗ್ರೇವಿ ಮಂದವಾಗಲೆಂದು ಪಿಷ್ಟ ಸೇರಿಸಿದವು ಇವೆ, ಅದಕ್ಕೇ ಪ್ರತಿಯೊಂದನ್ನೂ ಕೂಡಿ ಕಳೆದು ನೋಡಿ. ಇನ್ನೊಂದು ಮಾತು: ಸಂಪೂರ್ಣ ಆಹಾರ ಎಂದು ಬರೆದಿರಬೇಕು. ನೆಕ್ಕಿಸುವ ಟ್ಯೂಬುಗಳು, ಸಣ್ಣ ತಿಂಡಿ ಪೊಟ್ಟಣಗಳು ಊಟವಾಗಲಾರವು.

ಮೇಷ್ಟ್ರು: ಬೋನ್‌ಲೆಸ್ ಕೋಳಿ ಬೇಯಿಸಿ ಹಾಕುತ್ತಾರೆ ಪಕ್ಕದ ಮನೆಯವರು, ಅವರ ಬೆಕ್ಕಿಗೆ.

ಡಾಕ್ಟರು: ಅಪರೂಪಕ್ಕೊಮ್ಮೆ, ಬಹುಮಾನವಾಗಿ ಕೊಡಲಿ. ಪೂರ್ತಿ ಊಟ ಅದೇ ಆದರೆ ಕ್ಯಾಲ್ಸಿಯಂ ಇಲ್ಲ, ಬೇಯಿಸಿದ ನೀರು ಚೆಲ್ಲಿದರೆ ಟೌರೀನ್ ಅದರ ಜೊತೆ ಹೋಗುತ್ತದೆ. ಮಸಾಲೆ ಸಾರಿನಿಂದ ಎತ್ತಿದ ತುಂಡು ಬೇಡವೇ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಆಹಾರ ಬದಲಿಸುವುದು ನಿಧಾನವಾಗಲಿ, ಹಳೆಯದರ ಜೊತೆ ಹೊಸದನ್ನು ದಿನದಿನಕ್ಕೆ ಹೆಚ್ಚಿಸುತ್ತ. ತಿನ್ನದಿದ್ದರೆ ಹಸಿದ ಮೇಲೆ ತಾನೇ ತಿಂತಾನೆ ಅಂತ ಬಿಡಬೇಡಿ. ದಪ್ಪ ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಲಿವರ್‌ಗೆ ಕೊಬ್ಬು ತುಂಬಿ ಪ್ರಾಣಕ್ಕೇ ಅಪಾಯ. ಏಕಾದಶಿ ಅವನಿಗಿಲ್ಲ.

ಮೇಷ್ಟ್ರು: ಪೌಚ್ ಸಿಗದ ದಿನ ಕೋಳಿಯನ್ನಾದರೂ ತರಬಹುದಲ್ಲ ಅಂದುಕೊಂಡೆ. ಆದರೆ ನಮ್ಮ ಯಲಹಂಕದಲ್ಲಿ ಅದೂ ಸಿಗದ ಒಂದು ಕಾಲ ಬರುತ್ತದೆ.

ಡಾಕ್ಟರು: ಏರೋ ಇಂಡಿಯಾ ವಿಮಾನ ಪ್ರದರ್ಶನ. ಸರಿಯಾಗಿ ನೆನಪಿಸಿದಿರಿ. 1996ರಿಂದ ಎರಡು ವರ್ಷಕ್ಕೊಮ್ಮೆ ಇಲ್ಲಿಯ ವಾಯುನೆಲೆಯಲ್ಲಿ ನಡೆಯುತ್ತದೆ. ಮಾಂಸದ ತ್ಯಾಜ್ಯಕ್ಕೆ ಹದ್ದುಗಳು ಬಂದು ವಿಮಾನಕ್ಕೆ ಡಿಕ್ಕಿ ಹೊಡೆಯಬಾರದೆಂದು ಸುತ್ತಮುತ್ತ ಮಾಂಸದಂಗಡಿ ಮುಚ್ಚಿಸುತ್ತಾರೆ. 2023ರಲ್ಲಿ ಜನವರಿ 30ರಿಂದ ಫೆಬ್ರವರಿ 20ರವರೆಗೆ, 10 ಕಿಲೋಮೀಟರ್ ವ್ಯಾಪ್ತಿಯಲ್ಲಿ. 2025ರಲ್ಲಿ ಬಿಬಿಎಂಪಿ ಅದನ್ನು 13 ಕಿಲೋಮೀಟರ್‌ಗೆ ಹಿಗ್ಗಿಸಿತು, ಜನವರಿ 23ರಿಂದ ಫೆಬ್ರವರಿ 17ರವರೆಗೆ. ಆದೇಶದ ಕಾರಣ ಒಪ್ಪುವಂಥದೇ. ಆದರೆ ಮಾಂಸವೇ ಔಷಧವಾಗಿರುವ ಪ್ರಾಣಿಗೆ ಮೂರು ವಾರ ದೊಡ್ಡದು. ಆದೇಶದ ಸುದ್ದಿ ಪತ್ರಿಕೆಯಲ್ಲಿ ಬಂದ ದಿನವೇ ತಿಂಗಳಿಗಾಗುವಷ್ಟು ಪೌಚ್ ತಂದಿಟ್ಟುಕೊಳ್ಳಿ. ಆ ದಿನಗಳಲ್ಲಿ ಯುದ್ಧವಿಮಾನಗಳ ಸದ್ದಿಗೆ ಹೆದರಿ ಮಂಚದ ಕೆಳಗೆ ಸೇರಿಕೊಂಡರೆ ಶುಗರ್ ಏರಿ ಕಾಣಬಹುದು. ಅಂಥ ಒಂದು ದಿನದ ಅಂಕಿ ನೋಡಿ ಇನ್ಸುಲಿನ್ ಹೆಚ್ಚಿಸಬೇಡಿ. ದೀಪಾವಳಿ ಪಟಾಕಿಗೂ ಇದೇ ಮಾತು.

ಮೇಷ್ಟ್ರು: ಇನ್ಸುಲಿನ್ ಬಗ್ಗೆ ಹೇಳಿ. ಅದಕ್ಕೇ ನನಗೆ ಹೆಚ್ಚು ಭಯ.

ಡಾಕ್ಟರು: ನಾನು ಬರೆದಿರುವುದು ಗ್ಲಾರ್ಜಿನ್, ಮನುಷ್ಯರಿಗೆ ಕೊಡುವಂಥದೇ. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಮಾನವ ಇನ್ಸುಲಿನ್, 2009ರಲ್ಲಿ ಗ್ಲಾರ್ಜಿನ್ ಮಾರುಕಟ್ಟೆಗೆ ತಂದ ಮೇಲೆ ಇದು ಮಾಮೂಲಿ ಮೆಡಿಕಲ್ ಶಾಪಿನ ಔಷಧ. ಹನ್ನೆರಡು ಗಂಟೆಗೊಮ್ಮೆ, ಬೆಳಿಗ್ಗೆ ಏಳು, ರಾತ್ರಿ ಏಳು. ಸೂಜಿ ಕೂದಲೆಳೆಯಷ್ಟು ತೆಳು. ಬೆನ್ನ ಪಕ್ಕದ ಚರ್ಮವನ್ನು ಡೇರೆಯಂತೆ ಎತ್ತಿ ಕೊಟ್ಟರೆ ಊಟ ಮಾಡುತ್ತಲೇ ಇರುತ್ತಾನೆ. ಭಯ ಪಡಬೇಕಾದ್ದು ಸೂಜಿಗಲ್ಲ, ಸಿರಿಂಜಿನ ಮೇಲಿನ ಗೆರೆಗಳಿಗೆ. ಇದನ್ನು ಬರೆದುಕೊಳ್ಳಿ.

ನಮ್ಮ ದೇಶದಲ್ಲಿ ಬಾಟಲಿಯ ಇನ್ಸುಲಿನ್ ಎರಡು ಬಲದಲ್ಲಿ ಸಿಗುತ್ತದೆ. ಒಂದು ಮಿಲಿಲೀಟರಿನಲ್ಲಿ 40 ಯೂನಿಟ್ ಇರುವ ಬಾಟಲಿ, 100 ಯೂನಿಟ್ ಇರುವ ಬಾಟಲಿ. ಎರಡಕ್ಕೂ ಬೇರೆ ಬೇರೆ ಸಿರಿಂಜ್. ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ನಾನು ಬರೆದಿರುವ ಗ್ಲಾರ್ಜಿನ್ 100ರದ್ದು. ಸುಮ್ಮನೆ ಇನ್ಸುಲಿನ್ ಸಿರಿಂಜ್ ಕೊಡಿ ಎಂದರೆ ಅಂಗಡಿಯವರು ಕೆಂಪು ಮುಚ್ಚಳದ್ದನ್ನೂ ಕೊಡಬಹುದು.

ಮೇಷ್ಟ್ರು: ಕೆಂಪು ಸಿರಿಂಜಿನ ಒಂದು ಗೆರೆ 1 ಮಿ.ಲೀ.ನ ನಲವತ್ತನೇ ಒಂದು ಭಾಗ, 0.025. ಅದರಲ್ಲಿ 100ರ ಇನ್ಸುಲಿನ್ ಎಳೆದರೆ 2.5 ಯೂನಿಟ್. ನಾನು ಒಂದು ಎಂದುಕೊಂಡು ಕೊಡುವುದು ಎರಡೂವರೆ!

ಡಾಕ್ಟರು: ನಾಲ್ಕೈದು ಕಿಲೋ ತೂಕದ ಜೀವಕ್ಕೆ ಎರಡೂವರೆ ಪಟ್ಟು. ಶುಗರ್ ಪಾತಾಳಕ್ಕೆ ಇಳಿಯುತ್ತದೆ. ನಿಮ್ಮಂಥವರ ಮನೆಯಲ್ಲಿ, ಯಾರಿಗೋ 40ರ ಇನ್ಸುಲಿನ್ ನಡೆಯುತ್ತಿದ್ದರೆ, ಎರಡು ಬಗೆಯ ಸಿರಿಂಜೂ ಒಂದೇ ಡಬ್ಬಿಗೆ ಬೀಳುತ್ತವೆ. ಕೆಂಚನದು ಬೇರೆ ಡಬ್ಬಿಯಲ್ಲಿರಲಿ. ಬಾಟಲಿಯನ್ನು ಫ್ರಿಡ್ಜಿನಲ್ಲಿಡಿ, ಫ್ರೀಜರಿನಲ್ಲಿ ಬೇಡ. ಚುಚ್ಚುವಾಗ ಅರ್ಧ ಹೊರಗೆ ಚೆಲ್ಲಿತೇನೋ ಎಂಬ ಅನುಮಾನ ಬಂದರೂ ಮತ್ತೆ ಕೊಡಬೇಡಿ. ಒಂದು ಹೊತ್ತು ಕಡಿಮೆಯಾದರೆ ಹೆಚ್ಚೇನೂ ಕೆಡುವುದಿಲ್ಲ. ಎರಡು ಸಲ ಕೊಟ್ಟರೆ ಪ್ರಾಣ ಹೋಗಬಹುದು.

ಮೇಷ್ಟ್ರು: ಸರಿ. ಈಗ ಕಿವಿ. ನನಗೆ ಒಂದು ಸಂಕಟ ಇದೆ, ಹೇಳಿಬಿಡುತ್ತೇನೆ. ನಾನು ಚುಚ್ಚಿಕೊಳ್ಳುವುದು ನನ್ನ ಒಪ್ಪಿಗೆಯಿಂದ. ಬಾಯಿಲ್ಲದ ಜೀವಕ್ಕೆ ಇನ್ಸುಲಿನ್ನೂ ಚುಚ್ಚಿ, ಕಿವಿಯನ್ನೂ ಚುಚ್ಚುವುದು ಹಿಂಸೆಯಲ್ಲವೇ? ವಾರಕ್ಕೊಮ್ಮೆ ನಿಮ್ಮಲ್ಲಿಗೇ ತಂದರೆ?

ಡಾಕ್ಟರು: ತಂದರೆ ಮತ್ತೆ ಹೆದರಿಕೆಯ ಶುಗರ್ ಸಿಗುತ್ತದೆ. ಆ ಅಂಕಿ ನಂಬಿ ನಾನು ಇನ್ಸುಲಿನ್ ಏರಿಸಿದರೆ ಮನೆಯಲ್ಲಿ, ರಾತ್ರಿ, ನೀವು ಮಲಗಿರುವಾಗ ಅವನ ಶುಗರ್ ಕುಸಿಯುತ್ತದೆ. ಅದು ಹಿಂಸೆ. ಕಿವಿಯ ಅಂಚಿನಲ್ಲಿ ನೋವಿನ ನರಗಳು ನಮ್ಮ ಬೆರಳ ತುದಿಯಲ್ಲಿರುವಷ್ಟು ಇಲ್ಲ. ಬಹಳ ಬೆಕ್ಕುಗಳು ಕೆಲವೇ ದಿನಗಳಲ್ಲಿ ಬಹುಮಾನದ ತುಂಡಿಗಾಗಿ ತಾವೇ ಬಂದು ಕೂರುತ್ತವೆ. ಬನ್ನಿ, ಕೆಂಚನನ್ನು ಕರೆಯಿರಿ. ಟವೆಲ್ಲಿನಲ್ಲಿ ಸುತ್ತಬೇಡಿ, ಪಕ್ಕದಲ್ಲಿ ಕೂರಿಸಿಕೊಂಡರೆ ಸಾಕು. ಕಾಲುಚೀಲದಲ್ಲಿ ಒಂದು ಹಿಡಿ ಅಕ್ಕಿ ಹಾಕಿ ಬೆಚ್ಚಗೆ ಮಾಡಿಟ್ಟಿದ್ದೀರಾ? ನಿಮ್ಮ ಕೆನ್ನೆಗೆ ಹಿಡಿದು ನೋಡಿ, ಸುಡಬಾರದು. ಕಿವಿಗೆ ಅರ್ಧ ನಿಮಿಷ ಒತ್ತಿ.

ಮೇಷ್ಟ್ರು: ಕಿವಿ ಕೆಂಪಾಯಿತು. ಅಂಚಿನಲ್ಲಿ ಒಂದು ಗೆರೆ ಕಾಣುತ್ತಿದೆ.

ಡಾಕ್ಟರು: ಅದು ರಕ್ತನಾಳ. ಅದನ್ನೇ ಚುಚ್ಚಬೇಕಿಲ್ಲ, ಅದಕ್ಕೂ ಅಂಚಿಗೂ ನಡುವಿನ ಕೂದಲಿಲ್ಲದ ಜಾಗ ಸಾಕು. ವ್ಯಾಸ್ಲಿನ್ ತೆಳ್ಳಗೆ ಸವರಿ, ಹನಿ ಕೂದಲಿಗೆ ಹರಡದೆ ದುಂಡಗೆ ನಿಲ್ಲುತ್ತದೆ. ಸ್ಪಿರಿಟ್ ಬೇಡ, ಉರಿಯುತ್ತದೆ. ಕಿವಿಯ ಹಿಂದೆ ಹತ್ತಿ ಇಡಿ, ನಿಮ್ಮ ಬೆರಳಿಗೆ ಚುಚ್ಚಿಕೊಳ್ಳದಂತೆ. ಈಗ ಲ್ಯಾನ್ಸೆಟ್. ಒಂದೇ ಸಲ, ಅಳುಕದೆ. ಹನಿ ಬಂತು. ಸ್ಟ್ರಿಪ್ಪಿನ ತುದಿ ತಾಗಿಸಿ, ಅದೇ ಎಳೆದುಕೊಳ್ಳುತ್ತದೆ. ಹತ್ತಿ ಒತ್ತಿ ಹಿಡಿಯಿರಿ, ಒಂದು ನಿಮಿಷ. ತುಂಡು ಕೊಡಿ ಅವನಿಗೆ.

ಮೇಷ್ಟ್ರು: 218. ಮೊನ್ನೆ 340, ಇವತ್ತು ಮನೆಯಲ್ಲಿ 218! ಈ ಮೀಟರ್ ನನ್ನದು, ಮನುಷ್ಯರದು. ಸರಿಯಾಗಿ ತೋರಿಸುತ್ತದೆಯೇ?

ಡಾಕ್ಟರು: ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ನಮ್ಮ ರಕ್ತದ ಸಕ್ಕರೆಯಲ್ಲಿ ದೊಡ್ಡ ಪಾಲು ಕೆಂಪು ಕಣಗಳ ಒಳಗಿರುತ್ತದೆ, ಬೆಕ್ಕಿನಲ್ಲಿ ಬಹುಪಾಲು ಹೊರಗಿನ ದ್ರವದಲ್ಲೇ. ಮೀಟರಿನ ಲೆಕ್ಕ ನಮ್ಮ ರಕ್ತಕ್ಕೆ ಹೊಂದಿಸಿದ್ದು. ಬೆಕ್ಕು ನಾಯಿಗಳಿಗೆಂದೇ ಮಾಡಿದ ಮೀಟರ್ ಇದೆ, ಸ್ಟ್ರಿಪ್ ದುಬಾರಿ. ನಿಮ್ಮದನ್ನೇ ಬಳಸಬಹುದು, ಎರಡು ನಿಯಮದೊಂದಿಗೆ. ಮೀಟರ್ ಬದಲಿಸಬಾರದು, ಯಾವ ಮೀಟರ್ ಎಂದು ನನಗೆ ಗೊತ್ತಿರಬೇಕು. ಒಂದೊಂದು ಅಂಕಿಗಿಂತ ಅದರ ಏರಿಳಿತ ನಮಗೆ ಮುಖ್ಯ. ಭುಜದ ಮೇಲೆ ಅಂಟಿಸುವ ಸೆನ್ಸರ್ ಕೂಡ ಬಂದಿದೆ, ಮನುಷ್ಯರದ್ದನ್ನೇ ಬೆಕ್ಕಿಗೆ ಹಾಕುತ್ತಾರೆ. ಕೂದಲು ಬೋಳಿಸಿ ಅಂಟಿಸಬೇಕು, ಕೆಲವು ಬೆಕ್ಕು ಬೇಗ ಕಿತ್ತುಹಾಕುತ್ತವೆ. ಅಂಕಿ ಗೊಂದಲ ಮಾಡಿದಾಗ ಅದನ್ನು ಯೋಚಿಸೋಣ.

ಮೇಷ್ಟ್ರು: ದಿನಕ್ಕೆ ಎಷ್ಟು ಸಲ ನೋಡಬೇಕು?

ಡಾಕ್ಟರು: ಇನ್ಸುಲಿನ್ ಕೊಡುವ ಮುಂಚೆ ಎರಡು ಹೊತ್ತೂ. ನಾನು ಚೀಟಿಯಲ್ಲಿ ಬರೆದ ಅಂಕಿಗಿಂತ ಕಡಿಮೆ ಇದ್ದರೆ ಚುಚ್ಚದೆ ಫೋನ್ ಮಾಡಿ. ಊಟ ಮುಟ್ಟದಿದ್ದರೂ ಹಾಗೆಯೇ. ಆಗಾಗ ಒಂದು ಭಾನುವಾರ ಬೆಳಿಗ್ಗೆ ಏಳರಿಂದ ರಾತ್ರಿ ಏಳರವರೆಗೆ ಎರಡು ಗಂಟೆಗೊಮ್ಮೆ ನೋಡಿ ಗ್ರಾಫ್ ಹಾಳೆಯಲ್ಲಿ ಗುರುತಿಸಿ. ರೇಖೆ ಎಲ್ಲಿ ತಳ ಮುಟ್ಟಿತು, ಎಷ್ಟು ಹೊತ್ತಿಗೆ ಮುಟ್ಟಿತು, ನನಗೆ ಬೇಕಾದ್ದು ಅದು. ತಳ 80ರಿಂದ 150ರ ನಡುವೆ ಇದ್ದರೆ ಒಳ್ಳೆಯದು. ನಿಮ್ಮ ಗ್ರಾಫ್ ನೋಡಿಯೇ ನಾನು ಪ್ರಮಾಣ ಬದಲಿಸುವುದು. ಕೆಲವು ಹೊರದೇಶದ ಪುಸ್ತಕ ಓದಿದರೆ ಅಲ್ಲಿ 5, 8, 12 ಎಂಬ ಅಂಕಿಗಳಿರುತ್ತವೆ. ಅವನ್ನು 18ರಿಂದ ಗುಣಿಸಿದರೆ ನಮ್ಮ ಲೆಕ್ಕಕ್ಕೆ ಬರುತ್ತದೆ.

ಮೇಷ್ಟ್ರು: ಕಡಿಮೆಯಾದರೆ ಗೊತ್ತಾಗುವುದು ಹೇಗೆ? ನನಗಾದರೆ ಕೈ ನಡುಗುತ್ತದೆ, ಬೆವರುತ್ತೇನೆ, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತೇನೆ.

ಡಾಕ್ಟರು: ತೂರಾಡುತ್ತಾನೆ, ಶೂನ್ಯ ನೋಡುತ್ತ ನಿಲ್ಲುತ್ತಾನೆ, ಒಮ್ಮೆಲೇ ವಿಪರೀತ ಹಸಿವು, ಹೆಚ್ಚಾದರೆ ಫಿಟ್ಸ್. ಮೀಟರಿನಲ್ಲಿ 60ಕ್ಕಿಂತ ಕೆಳಗೆ ಕಂಡರೆ ಕೂಡಲೇ ಊಟ ಕೊಡಿ. ತಿನ್ನುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಜೇನುತುಪ್ಪವನ್ನು ವಸಡಿಗೆ ಸವರಿ. ಬಾಯಿಗೆ ಸುರಿಯಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಸವರುತ್ತಲೇ ಹೊರಟು ಬನ್ನಿ. ಇಲ್ಲಿ ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಒಂದಿದೆ. ಇನ್ಸುಲಿನ್ ನಡೆಯುತ್ತಿರುವ ಬೆಕ್ಕಿಗೆ ನನಗೆ ತಿಳಿಸದೆ ಊಟ ಬದಲಿಸಬೇಡಿ. ಒಣ ಕಾಳಿನ ಶುಗರ್‌ಗೆಂದು ಇಟ್ಟ ಪ್ರಮಾಣ ಪೌಚಿನ ಊಟಕ್ಕೆ ಅತಿಯಾಗುತ್ತದೆ. ಊಟ, ಇನ್ಸುಲಿನ್, ಕಿವಿಯ ಹನಿ, ಮೂರೂ ಒಟ್ಟಿಗೇ ಬದಲಾಗಬೇಕು. ಇನ್ನು ಊಟ ಬಿಟ್ಟು, ವಾಂತಿ ಮಾಡಿ, ಮಂಕಾಗಿ ಬಿದ್ದಿದ್ದರೆ ಅದು ಕೀಟೋನ್ ಎಂಬ ಆಮ್ಲ ರಕ್ತದಲ್ಲಿ ಏರಿರುವ ಸೂಚನೆ ಇರಬಹುದು. ಬೆಳಗಾಗಲಿ ಎಂದು ಕಾಯಬೇಡಿ.

ಮೇಷ್ಟ್ರು: ನಾನು ಶುಗರ್‌ಗೆ ನುಂಗುವಂಥ ಮಾತ್ರೆ ಇವನಿಗೆ ಇಲ್ಲವೇ?

ಡಾಕ್ಟರು: ಬೆಕ್ಕಿಗೆಂದೇ ಒಂದು ಮಾತ್ರೆಗೆ ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು, ಬೆಕ್ಸಾಗ್ಲಿಫ್ಲೋಜಿನ್. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುತ್ತದೆ. ಆಗಲೇ ಇನ್ಸುಲಿನ್ ಪಡೆದ ಬೆಕ್ಕಿಗೆ ಅದು ಆಗದು, ಶುಗರ್ ಸರಿಯಾಗಿರುವಾಗಲೇ ಕೀಟೋನ್ ಏರುವ ಅಪಾಯವೂ ಇದೆ. ನಿಮ್ಮ ಡಬ್ಬಿಯ ಮಾತ್ರೆ ಅರ್ಧ ಮುರಿದು ಕೊಡುವುದಂತೂ ಕೂಡದು.

ಮೇಷ್ಟ್ರು: ಒಂದು ಕುತೂಹಲ. ನೀವು ಓದಿದ ಹೆಬ್ಬಾಳದ ಕಾಲೇಜಿನಲ್ಲಿ ಬೆಕ್ಕಿಗೂ ಪಾಠ ಇತ್ತೇ? ಮೊದಲೆಲ್ಲ ಅಲ್ಲಿಗೆ ಹಸು, ಎಮ್ಮೆ ಹೊಡೆದುಕೊಂಡು ಬರುತ್ತಿದ್ದರು.

ಡಾಕ್ಟರು: ಹೆಬ್ಬಾಳ ಪ್ರಾಣಿವೈದ್ಯಕ್ಕೆ ಹಳೆಯ ಊರು. 1925ರಲ್ಲೇ ದನಗಳ ದೊಡ್ಡರೋಗಕ್ಕೆ ಸೀರಮ್ ತಯಾರಿಸಲು ಮೈಸೂರು ಸೀರಮ್ ಇನ್‌ಸ್ಟಿಟ್ಯೂಟ್ ಶುರುವಾಯಿತು, 1958ರಲ್ಲಿ ಕಾಲೇಜು. ಆ ದೊಡ್ಡರೋಗ ಲೋಕದಿಂದಲೇ ತೊಲಗಿತೆಂದು 2011ರಲ್ಲಿ ಘೋಷಣೆಯಾಯಿತು. ಅಂಥ ರೋಗವನ್ನು ಸರ್ಕಾರ, ಲಸಿಕೆ, ಸಂಸ್ಥೆಗಳು ಸೇರಿ ಗೆದ್ದವು. ಕೆಂಚನ ಕಾಯಿಲೆ ಹಾಗಲ್ಲ. ಇದರಲ್ಲಿ ನನ್ನ ಪಾಲು ಸಣ್ಣದು. ಅನ್ನ ಹಾಕುವ ಕೈಯೇ ಇದನ್ನು ನೋಡಿಕೊಳ್ಳಬೇಕು.

ಮೇಷ್ಟ್ರು: ಹಾಗಾದರೆ ಜೀವನಪೂರ್ತಿ ಈ ಚುಚ್ಚಾಟವೇ? ನನ್ನದಂತೂ ಹೋಗುವ ಕಾಯಿಲೆಯಲ್ಲ ಎಂದಿದ್ದಾರೆ.

ಡಾಕ್ಟರು: ಇಲ್ಲಿ ಬೆಕ್ಕು ನಿಮಗಿಂತ ಪುಣ್ಯವಂತ. ದಣಿದ ಮೇದೋಜೀರಕ ಗ್ರಂಥಿಗೆ ಬೇಗ ವಿಶ್ರಾಂತಿ ಸಿಕ್ಕರೆ ಕೆಲವು ಬೆಕ್ಕುಗಳಲ್ಲಿ ಅದು ಮತ್ತೆ ಎದ್ದು ಕೂರುತ್ತದೆ, ಇನ್ಸುಲಿನ್ ನಿಲ್ಲಿಸಬಹುದು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 63 ಬೆಕ್ಕುಗಳಿಗೆ ಎರಡು ಬಗೆಯ ಊಟ ಕೊಟ್ಟು ನೋಡಿದರು. ನಾರು ಹೆಚ್ಚು, ಕಾರ್ಬೋಹೈಡ್ರೇಟ್ ಮಧ್ಯಮ ಇದ್ದ ಊಟದಲ್ಲಿ ಶೇ. 41ರಷ್ಟು ಬೆಕ್ಕುಗಳು ಇನ್ಸುಲಿನ್ ಬಿಟ್ಟವು. ನಾರೂ ಕಾರ್ಬೋಹೈಡ್ರೇಟೂ ಎರಡೂ ಕಡಿಮೆ ಇದ್ದ ಊಟದಲ್ಲಿ ಶೇ. 68. ನಿಮ್ಮ ರಾಗಿಯ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ, ನಿಮಗೆ ಒಳ್ಳೆಯದು ಮಾಡುವ ನಾರು ಅವನಿಗೆ ಅಷ್ಟು ಒದಗುವುದಿಲ್ಲ. 2009ರಲ್ಲಿ ಕಿರ್ಸ್ಟನ್ ರೂಂಪ್ ಮತ್ತು ಜಾಕಿ ರ‍್ಯಾಂಡ್ 55 ಬೆಕ್ಕುಗಳ ಬಗ್ಗೆ ಬರೆದರು. ಎಲ್ಲಕ್ಕೂ ಗ್ಲಾರ್ಜಿನ್, ಕಾರ್ಬೋಹೈಡ್ರೇಟ್ ಕಡಿಮೆ ಇರುವ ಊಟ, ಮನೆಯವರೇ ಕಿವಿ ಚುಚ್ಚಿ ನೋಡಿದ್ದು. ಶೇ. 64ರಷ್ಟು ಬೆಕ್ಕುಗಳು ಇನ್ಸುಲಿನ್ ಇಲ್ಲದೆ ಬದುಕಿದವು. ಕಾಯಿಲೆ ಗೊತ್ತಾದ ಆರು ತಿಂಗಳೊಳಗೆ ಹೀಗೆ ಶುರು ಮಾಡಿದವುಗಳಲ್ಲಿ ಶೇ. 84, ತಡ ಮಾಡಿದವುಗಳಲ್ಲಿ ಶೇ. 35.

ಮೇಷ್ಟ್ರು: 84 ಎಲ್ಲಿ, 35 ಎಲ್ಲಿ!

ಡಾಕ್ಟರು: ಅದಕ್ಕೇ ನಾನು ಭಾನುವಾರ ಬಂದದ್ದು. ಆದರೂ ಮಾತು ಕೊಡಲಾರೆ. ಎಲ್ಲ ಅಧ್ಯಯನಗಳಲ್ಲೂ ಇಷ್ಟು ಒಳ್ಳೆಯ ಫಲ ಸಿಕ್ಕಿಲ್ಲ. ಕೆಲವು ಬೆಕ್ಕುಗಳ ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಇರುತ್ತದೆ, ಅವು ಸುಲಭಕ್ಕೆ ಇನ್ಸುಲಿನ್ನಿಗೆ ಬಗ್ಗುವುದಿಲ್ಲ. ಇನ್ಸುಲಿನ್ ನಿಂತವುಗಳಿಗೂ ಕಾಯಿಲೆ ಮರಳಬಹುದು, ಅದರಲ್ಲೂ ಹಾಲನ್ನಕ್ಕೆ, ಒಣ ಕಾಳಿಗೆ ಮರಳಿದರೆ. ನಿಂತ ಮೇಲೂ ಪೌಚೇ ಊಟ, ವಾರಕ್ಕೊಮ್ಮೆ ಕಿವಿಯ ಹನಿ.

ಮೇಷ್ಟ್ರು: ಖರ್ಚಿನದು ಯೋಚಿಸಿದ್ದೇನೆ, ನಿಭಾಯಿಸುತ್ತೇವೆ. ನಮ್ಮ ಚಿಂತೆ ಬೇರೆ. ಊರಿನಲ್ಲಿ ಮದುವೆ, ತಿಥಿ ಅಂತ ಹೊರಟರೆ ಏಳು ಗಂಟೆಗೆ ಇವನಿಗೆ ಕೊಡುವವರು ಯಾರು?

ಡಾಕ್ಟರು: ಅದನ್ನು ಇವತ್ತೇ ಕೇಳಿದ್ದು ಒಳ್ಳೆಯದಾಯಿತು. ಬಹಳ ಮನೆಗಳಲ್ಲಿ ಚಿಕಿತ್ಸೆ ಮುರಿಯುವುದು ಅಲ್ಲೇ. ಕೋಳಿ ಬೇಯಿಸಿ ಹಾಕುವ ಆ ಪಕ್ಕದ ಮನೆಯವರನ್ನು ಮುಂದಿನ ಭಾನುವಾರ ಕರೆಯಿರಿ, ಅವರಿಗೂ ಕಲಿಸುತ್ತೇನೆ. ಅವರ ಬೆಕ್ಕಿಗೆ ವಯಸ್ಸೆಷ್ಟು?

ಮೇಷ್ಟ್ರು: ಒಂಬತ್ತಿರಬೇಕು. ಇವನಿಗಿಂತ ದಪ್ಪ.

ಡಾಕ್ಟರು: ಹಾಗಾದರೆ ಕಲಿಸುವುದಕ್ಕೆ ಮುಂಚೆಯೇ ಅವರಿಗೆ ಇಷ್ಟು ಹೇಳಿಬಿಡಿ ಮೇಷ್ಟ್ರೇ, ನಿಮ್ಮ ಬೀದಿಯಲ್ಲಿ ಬೆಕ್ಕು ಸಾಕಿರುವ ಎಲ್ಲರಿಗೂ ಹೇಳಿ. ಏಳು ವರ್ಷ ದಾಟಿದ ಬೆಕ್ಕನ್ನು ತಿಂಗಳಿಗೊಮ್ಮೆ ತೂಕ ಮಾಡಿ. ತಿನ್ನುತ್ತಿದ್ದರೂ ತೂಕ ಇಳಿದರೆ, ನೀರಿನ ಬಟ್ಟಲು ಬೇಗ ಖಾಲಿಯಾಗತೊಡಗಿದರೆ, ಬಿಸಿಲಿಗೆ ಹಾಗಾಗಿದೆ ಎಂದು ಸುಮ್ಮನಿರಬೇಡಿ. ಆ ವಾರವೇ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ.